ಮೊದಲು ಇಲಿಯನ್ನು ಬೆಚ್ಚಗಿಡಿ

ಫೋಟೋ ತೆಗೆಯುವಾಗ "ಅಲ್ಲಾಡಬೇಡ" ಅಂದರೆ ನಾವು ಉಸಿರು ಬಿಗಿಹಿಡಿದು ನಿಲ್ತೀವಿ. ಲ್ಯಾಬಿನ ಇಲಿಗೆ ಹಾಗೆ ಹೇಳೋಕಾಗುತ್ತಾ? 20-30 ಗ್ರಾಂ ತೂಕದ ಜೀವ. ಎಚ್ಚರವಿದ್ದಾಗ ಅದರ ಹೃದಯ ನಿಮಿಷಕ್ಕೆ 500ಕ್ಕೂ ಹೆಚ್ಚು ಸಲ ಬಡಿಯುತ್ತೆ. ಮೈಕ್ರೋ ಸಿಟಿಯಲ್ಲಿ ನೋಡಬೇಕಾದ ವಿವರಗಳೋ, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕವು.

ಇಂಥ ಸಮಸ್ಯೆ ಕೇಳಿದ ಕೂಡಲೇ ನಾವು ಡಿಟೆಕ್ಟರ್, ಫಿಲ್ಟರ್, ಡೀಪ್ ಲರ್ನಿಂಗ್ ಅಂತ ಶುರು ಮಾಡ್ತೀವಿ. ನಾಯ್ಸ್ ಇದ್ದರೆ ಕೋಡ್ ಬರೆದು ತೆಗೆದರಾಯ್ತು ಅನ್ನೋ ಧೈರ್ಯ. ಅದು ತಪ್ಪು ಧೈರ್ಯ ಅಂತ ನಮಗನ್ನಿಸುತ್ತೆ.

ಸ್ಕ್ಯಾನರ್ ಆನ್ ಮಾಡೋ ಮೊದಲೇ ಎಷ್ಟು ಕೆಲಸ ಇದೆ ನೋಡಿ. ಐಸೋಫ್ಲೂರೇನ್ ಅನಿಲ ಕೊಟ್ಟು ಇಲಿಗೆ ಅರಿವಳಿಕೆ ಬರಿಸಬೇಕು. ಆಗ ಅದರ ಕಣ್ಣು ತೆರೆದೇ ಇರುತ್ತೆ, ಒಣಗದಂತೆ ಮುಲಾಮು ಹಚ್ಚಬೇಕು. ಮೈ ಬೇಗ ತಣ್ಣಗಾಗುತ್ತೆ, 37 ಡಿಗ್ರಿ ಆಸುಪಾಸಿನಲ್ಲಿ ಬೆಚ್ಚಗಿಡಬೇಕು. ಉಸಿರಾಟ ಗುರುತಿಸಲು ಪುಟ್ಟ ಸೆನ್ಸರ್ ಇಟ್ಟು, ಎರಡು ಉಸಿರಿನ ನಡುವಿನ ಡೇಟಾ ಮಾತ್ರ ಆರಿಸಿಕೊಳ್ಳಬೇಕು.

ಪೆಟ್ ಸ್ಕ್ಯಾನ್ ವಿಷಯ ಇನ್ನೂ ಸೂಕ್ಷ್ಮ. ಎಫ್‌ಡಿಜಿ ಅನ್ನೋ ವಿಕಿರಣಶೀಲ ಸಕ್ಕರೆಯನ್ನು ಕ್ಯಾನ್ಸರ್ ಗಡ್ಡೆ ಹೆಚ್ಚು ಹೀರಿಕೊಂಡು ಚಿತ್ರದಲ್ಲಿ ಹೊಳೆಯುತ್ತೆ. ಆದರೆ ನಮಗೆ ಹಿತ ಅನಿಸೋ ಎಸಿ ರೂಮು ಇಲಿಗೆ ಚಳಿ. ಚಳಿಯಾದರೆ ಮೈ ಕಾಯಿಸಿಕೊಳ್ಳಲು ಅದರ ಕಂದು ಕೊಬ್ಬೂ ಅದೇ ಸಕ್ಕರೆ ಎಳೆದುಕೊಂಡು ಹೊಳೆಯುತ್ತೆ! ಇದು ನಾಯ್ಸ್ ಅಲ್ಲ, ನಿಜವಾದ ಸಿಗ್ನಲ್. ಯಾವ ಫಿಲ್ಟರ್ ತೆಗೆಯುತ್ತೆ? ಉಪವಾಸ, ಬಿಸಿ, ಅರಿವಳಿಕೆ ಈ ಮೂರನ್ನೂ ಸರಿಯಾಗಿ ನೋಡಿಕೊಂಡರೆ ಗಡ್ಡೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತೆ ಅಂತ 2006ರಲ್ಲೇ ಜರ್ನಲ್ ಆಫ್ ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ತೋರಿಸಿದೆ.

ಪ್ರಾಣಿಗಳ ಮೇಲೆ ಪ್ರಯೋಗವೇ ಬೇಡ ಅನ್ನೋರಿದ್ದಾರೆ. ಅವರ ಪ್ರಶ್ನೆ ಸಣ್ಣದಲ್ಲ. ಆದರೆ ಪ್ರಯೋಗ ನಡೆಯುವಷ್ಟು ಕಾಲ, ಹಾಳಾದ ಪ್ರತಿ ಸ್ಕ್ಯಾನ್ ಅಂದರೆ ಮತ್ತೊಂದು ಅರಿವಳಿಕೆ, ಕೆಲವೊಮ್ಮೆ ಮತ್ತೊಂದು ಇಲಿ. ಒಂದೇ ಪ್ರಾಣಿಯನ್ನು ಕೊಲ್ಲದೆ ವಾರಗಟ್ಟಲೆ ಗಮನಿಸಬಹುದು ಅನ್ನೋದೇ ಇಮೇಜಿಂಗ್‌ನ ದೊಡ್ಡ ಲಾಭ. ಸಿದ್ಧತೆಯಲ್ಲಿ ಸೋಮಾರಿತನ ಮಾಡಿದರೆ ಆ ಲಾಭವೂ ಹೋಯ್ತು.

ಹಾಗಾಗಿ ಪ್ರಾಜೆಕ್ಟಿಗೆ ಇಂಥ ಡೇಟಾಸೆಟ್ ಆರಿಸುವಾಗ ಎಷ್ಟು ಮೈಕ್ರಾನ್ ಅಂತ ಮಾತ್ರ ನೋಡೋದು ಬೇಡ. ಇಲಿಯನ್ನು ಎಷ್ಟು ಬಿಸಿಯಲ್ಲಿ ಇಟ್ಟಿದ್ದರು, ಯಾವ ಅರಿವಳಿಕೆ ಕೊಟ್ಟಿದ್ದರು ಅಂತ ಬರೆದಿದೆಯಾ ನೋಡೋಣ. ಬರೆದಿಲ್ಲದಿದ್ದರೆ ಬೇರೆ ಹುಡುಕೋಣ.