ಸಂಸಾರ ಸಮಾಚಾರ: ತಾಯಿಹಲಗೆ ಬದಲಾದಾಗ

ಈ ಸಲದ ಪುರಾಣ ನಮ್ಮ ಮನೆಯ ಕಂಪ್ಯೂಟರಿನದು. ಕಳೆದ ಮಳೆಗಾಲದ ಒಂದು ಸಂಜೆ ಪುಣೆಯ ನಮ್ಮ ಓಣಿಯಲ್ಲಿ ಕರೆಂಟು ಹೋಗಿ ಬಂದು, ಮತ್ತೆ ಹೋಗಿ, ಮೂರನೆಯ ಸಲ ಬರುವಾಗ ಅದರ ಮದರ್‌ಬೋರ್ಡನ್ನು ಆಹುತಿ ತೆಗೆದುಕೊಂಡಿತು. ಮದರ್‌ಬೋರ್ಡೆಂದರೆ ಪೆಟ್ಟಿಗೆಯೊಳಗಿನ ಮಿಕ್ಕೆಲ್ಲ ಭಾಗಗಳೂ ಬಂದು ಕೂಡುವ ತಾಯಿಹಲಗೆ. ಅಂಗಡಿಯವನು ಹೊಸದನ್ನು ಕೂಡಿಸಿಕೊಟ್ಟ. ನನ್ನ ಸಂಬಳದ ದೊಡ್ಡದೊಂದು ಪಾಲು ಅವನ ಗಲ್ಲೆಗೆ ಹೋಯಿತು. ಹಳೆಯ ಡಿಸ್ಕೇ ಇದ್ದುದರಿಂದ ಮಗಳ ಕನ್ನಡ ಪಾಠಗಳೂ, ಧಾರವಾಡದಿಂದ ಅಪ್ಪ ಬರೆದು ಕಳಿಸಿದ ಮನೆತನದ ವೃತ್ತಾಂತವೂ ಉಳಿದುವು. ಆದರೆ ಪರದೆಯ ಬಲಮೂಲೆಯಲ್ಲಿ ಮಸುಕು ಅಕ್ಷರಗಳ ಅಪ್ಪಣೆಯೊಂದು ಮೂಡಿತ್ತು: ವಿಂಡೋಸನ್ನು ಸಕ್ರಿಯಗೊಳಿಸಿರಿ!

"ಏನ್ರೀ, ರೊಕ್ಕಾ ಕೊಟ್ಟು ತಗೊಂಡದ್ದಲ್ಲೇನು? ಈಗ ನಮ್ಮ ಗುರುತ ಇಲ್ಲಂತದೇನು?" ಎಂದಳು ಮನೆಯಾಕೆ.

2001ರ ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ಈ ಕಟ್ಟುಪಾಡು ಉಂಟು. ಬಿಡಿಭಾಗಗಳನ್ನು ನೋಡಿ ಅದು ಯಂತ್ರದ ಗುರುತು ಹಿಡಿಯುತ್ತದೆ. ಮೆಮೊರಿ ಹೆಚ್ಚಿಸಿದರೆ ಸಾಮಾನ್ಯವಾಗಿ ತಕರಾರಿಲ್ಲ. ತಾಯಿಹಲಗೆ ಬದಲಾದರೆ ಮಾತ್ರ ಯಂತ್ರವೇ ಬೇರೆಯೆಂದು ತೀರ್ಮಾನ. ಸರಕಾರಿ ಗುಮಾಸ್ತನಾದ ನನಗೆ ಇದರಲ್ಲಿ ಆಶ್ಚರ್ಯ ತೋರಲಿಲ್ಲ. ಪಿಂಚಣಿದಾರರು ಎದುರಿಗೆ ನಿಂತಿದ್ದರೂ ಬದುಕಿರುವುದಕ್ಕೆ ದಾಖಲೆ ಕೇಳುವವರಲ್ಲವೇ ನಾವು?

ಅಂಗಡಿಯವನು ಐನೂರು ರೂಪಾಯಿಗೆ ಕಳ್ಳಕೀಲಿ ಹಾಕಿಕೊಡುತ್ತೇನೆಂದ. ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅಂಥ ಕೀಲಿಯ ಬೆನ್ನಿಗೆ ಕಳ್ಳನೂ ಒಳಬರುವುದುಂಟು. ನಮ್ಮ ಬ್ಯಾಂಕಿನ ವ್ಯವಹಾರವೆಲ್ಲ ಅದೇ ಯಂತ್ರದಲ್ಲಿ.

ಪರವಾನಗಿಯಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಪನಿಯವರು ತಯಾರಿಸಿದ ಕಂಪ್ಯೂಟರಿನ ಜೊತೆಗೇ ಬಂದದ್ದು ನಿಯಮದಂತೆ ಆ ಯಂತ್ರದೊಡನೆಯೇ ತೀರುತ್ತದೆ. ಕೆಟ್ಟ ಹಲಗೆಯನ್ನು ಕಂಪನಿಯೇ ವಾರಂಟಿಯಲ್ಲಿ ಬದಲಿಸಿದರೆ ಮಾತ್ರ ಹೊಸದು ಬೇಕಿಲ್ಲ. ಬೇರೆಯಾಗಿ ಬೆಲೆ ಕೊಟ್ಟು ಕೊಂಡದ್ದನ್ನು ಇನ್ನೊಂದು ಯಂತ್ರಕ್ಕೆ ಒಯ್ಯಬಹುದು, ಒಂದು ಸಲಕ್ಕೆ ಒಂದರಲ್ಲೇ ಇರಬೇಕು, ಅಷ್ಟೆ. ನಮ್ಮದು ಪುಣ್ಯವಶಾತ್ ಎರಡನೆಯದು. ಅದರ 25 ಅಕ್ಷರಗಳ ಕೀಲಿಯನ್ನು ಮತ್ತೆ ಹಾಕಿದ್ದರೆ ಸಾಕಿತ್ತೇನೋ. ಆ ಡಬ್ಬಿ ದೀಪಾವಳಿಯ ಸ್ವಚ್ಛತೆಯಲ್ಲಿ ರದ್ದಿಯವನ ಪಾಲಾಗಿತ್ತು. ಹಾಕಿದವಳು ಮನೆಯಾಕೆ, ಹಾಕೆಂದವನು ನಾನು.

ಉಳಿದದ್ದು ಒಂದೇ ದಾರಿ. 2016ರ ವಿಂಡೋಸ್ 10ರ ಪರಿಷ್ಕರಣದಿಂದೀಚೆಗೆ ಪರವಾನಗಿಯನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬಹುದು. ಆದರೆ ಹಲಗೆ ಬದಲಿಸುವ ಮೊದಲೇ ಜೋಡಿಸಿರಬೇಕು. ಕಂಪ್ಯೂಟರು ತಂದ ದಿನವೇ ನಾನು ಜೋಡಿಸಿದ್ದೆ. ಗುಪ್ತಪದ ಮಾತ್ರ ಮರೆತಿತ್ತು. ಒಂದು ತಾಸಿನ ಶೋಧದ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಸಿಕ್ಕಿತು.

ಆಮೇಲೆ ಸೆಟ್ಟಿಂಗ್ಸ್, ಅದರೊಳಗೆ ಸಿಸ್ಟಮ್, ಅದರೊಳಗೆ ಆಕ್ಟಿವೇಷನ್, ಅಲ್ಲಿ ಟ್ರಬಲ್‌ಶೂಟ್ ಎಂಬ ಗುಂಡಿ. ಯಂತ್ರಭಾಗ ಇತ್ತೀಚೆಗೆ ಬದಲಿಸಿದ್ದೇನೆಂಬ ಸಾಲನ್ನು ಒತ್ತಿ ಖಾತೆಗೆ ಪ್ರವೇಶಿಸಿದರೆ ನಮ್ಮ ಯಂತ್ರಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಮೂರು ಹೆಸರು, ಮೂರೂ ಅರ್ಥವಿಲ್ಲದ ಅಕ್ಷರ-ಅಂಕಿಗಳು! ಹಳೆಯ ಲ್ಯಾಪ್‌ಟಾಪು ಯಾವುದು, ಇದು ಯಾವುದು? ಮಗಳು ಸೆಟ್ಟಿಂಗ್ಸ್‌ನಲ್ಲಿದ್ದ ಯಂತ್ರದ ಹೆಸರನ್ನು ಓದಿ ಹೇಳಿದಳು. ಅದನ್ನೇ ಆರಿಸಿ, ಈಗ ಬಳಸುತ್ತಿರುವುದು ಇದೇ ಎಂಬಲ್ಲಿ ಗುರುತು ಹಾಕಿ ಒತ್ತಿದೆ. ಮೂಲೆಯ ಅಪ್ಪಣೆ ಅಳಿಸಿಹೋಯಿತು.

"ಆತಲ್ಲ? ಇನ್ನ ನನ್ನ ಪುಸ್ತಕ ಕೊಡ್ರಿ" ಎಂದಳು ಮನೆಯಾಕೆ. ಹಾಲಿನವನು ಬಾಗಿಲಲ್ಲಿ ನಿಂತಿದ್ದ.