ಸಾಫ್ಟ್‌ವೇರ್ ಕಟ್ಟುವುದು ಸುಲಭವಾಯಿತು, ಹೊಣೆ ಯಾರದು?

ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದೆಂದರೆ ಇಂಜಿನಿಯರಿಂಗ್ ಕಲಿತವರ ಕೆಲಸ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಆ ನಂಬಿಕೆಯ ಮೇಲೆಯೇ ಎಷ್ಟೋ ಕುಟುಂಬಗಳು ಒಡವೆ ಅಡವಿಟ್ಟು, ಸಾಲ ಮಾಡಿ ಮಕ್ಕಳನ್ನು ಕಾಲೇಜಿಗೆ ಕಳುಹಿಸಿವೆ. ಇದೀಗ ಆ ನಂಬಿಕೆಯೇ ಅಲುಗಾಡುತ್ತಿದೆ. ತನಗೇನು ಬೇಕೆಂಬುದನ್ನು ಸಾಮಾನ್ಯ ಮಾತಿನಲ್ಲಿ ಹೇಳಿದರೆ ಸಾಕು, ಕೃತಕ ಬುದ್ಧಿಮತ್ತೆಯ ಉಪಕರಣವು ಕೆಲವೇ ನಿಮಿಷಗಳಲ್ಲಿ ಆ್ಯಪ್ ಒಂದನ್ನು ಸಿದ್ಧಪಡಿಸಿ ಮುಂದಿಡುತ್ತದೆ. 2025ರ ಫೆಬ್ರವರಿಯಲ್ಲಿ ಓಪನ್‌ಎಐ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಆಂಡ್ರೇ ಕಾರ್ಪತಿ ಈ ವಿಧಾನಕ್ಕೆ ‘ವೈಬ್ ಕೋಡಿಂಗ್’ ಎಂಬ ಹೆಸರಿಟ್ಟರು. ಅದೇ ವರ್ಷ ಕಾಲಿನ್ಸ್ ನಿಘಂಟು ಅದನ್ನು ವರ್ಷದ ಪದವಾಗಿ ಆರಿಸಿತು.

ಇದನ್ನು ಕೇವಲ ಹುಚ್ಚು ಉತ್ಸಾಹವೆಂದು ತಳ್ಳಿಹಾಕುವಂತಿಲ್ಲ. ಯಂತ್ರದ ಭಾಷೆಯನ್ನು ಮನುಷ್ಯನ ಭಾಷೆಯ ಹತ್ತಿರಕ್ಕೆ ತರುವ ಪ್ರಯತ್ನ ಹಳೆಯದು. 1957ರಲ್ಲಿ ಐಬಿಎಂ ‘ಫೋರ್ಟ್ರಾನ್’ ಭಾಷೆಯನ್ನು ಹೊರತಂದಿತು. 1959ರಲ್ಲಿ ಆರಂಭಗೊಂಡ ‘ಕೋಬಾಲ್’ ವ್ಯವಹಾರಸ್ಥರಿಗೂ ಓದಲು ಬರುವಂತಿರಬೇಕೆಂಬುದು ಅದರ ರಚನಾಕಾರರ ಆಶಯವಾಗಿತ್ತು. 1979ರಲ್ಲಿ ಬಂದ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ಹಾಳೆಯಂತೂ ಪ್ರೋಗ್ರಾಮ್ ಬರೆಯಲು ಬಾರದ ಗುಮಾಸ್ತನ ಕೈಗೂ ಕಂಪ್ಯೂಟರಿನ ಶಕ್ತಿಯನ್ನು ಒಪ್ಪಿಸಿತು. ಪ್ರತಿಯೊಂದು ಹಂತದಲ್ಲೂ ಹೊಸ ಜನರು ಒಳಬಂದರು, ತಜ್ಞರ ಕೆಲಸವೂ ಮುಗಿಯಲಿಲ್ಲ. ಇಂದಿನ ಬದಲಾವಣೆಯು ಆ ಸಾಲಿನಲ್ಲಿ ಅತಿ ದೊಡ್ಡ ಹೆಜ್ಜೆ ಎಂಬುದರಲ್ಲಿ ಸಂದೇಹವಿಲ್ಲ.

ಇದರ ಪ್ರಯೋಜನವನ್ನು ನಾವು ಮನಸಾರೆ ಸ್ವಾಗತಿಸಬೇಕು. ಮನೆಯಲ್ಲೇ ಹೊಲಿಗೆಯ ಕೆಲಸ ಮಾಡುವ ಮಹಿಳೆಯು ತನ್ನ ಗ್ರಾಹಕರ ಅಳತೆಗಳನ್ನೂ ಬಾಕಿಯನ್ನೂ ಬರೆದಿಡುವ ಸಣ್ಣ ಆ್ಯಪ್ ಕಟ್ಟಿಕೊಳ್ಳಬಹುದು. ಕಿರಾಣಿ ಅಂಗಡಿಯವನು ಉದ್ರಿಯ ಪುಸ್ತಕವನ್ನು ಫೋನಿಗೆ ತರಬಹುದು. ಇಂತಹ ಉಪಕರಣಗಳಿಗೆ ಕನ್ನಡದಲ್ಲಿ ಹೇಳಿದರೂ ಅರ್ಥವಾಗುತ್ತದೆ. ಇಂಗ್ಲಿಷ್ ಬಾರದೆಂಬ ಕಾರಣಕ್ಕೆ ಹಿಂದೆ ಉಳಿದವರಿಗೆ ಇದು ಸಣ್ಣ ಸಂಗತಿಯೇ?

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬರೆದವನಿಗೇ ಅರ್ಥವಾಗದ ಪ್ರೋಗ್ರಾಮು ದಾರಿ ತಪ್ಪಿದಾಗ ಉತ್ತರ ಹೇಳುವವರು ಯಾರು? 2025ರ ಜುಲೈಯಲ್ಲಿ ನಡೆದ ಘಟನೆಯೊಂದು ಈ ಪ್ರಶ್ನೆಯನ್ನು ಜಗತ್ತಿನ ಮುಂದಿಟ್ಟಿತು. ಅಮೆರಿಕದ ಹೂಡಿಕೆದಾರ ಜೇಸನ್ ಲೆಮ್ಕಿನ್ ಅವರು ‘ರೆಪ್ಲಿಟ್’ ಎಂಬ ಉಪಕರಣದಿಂದ ಸಾಫ್ಟ್‌ವೇರ್ ಕಟ್ಟುತ್ತಿದ್ದರು. ಯಾವ ಬದಲಾವಣೆಯನ್ನೂ ಮಾಡಕೂಡದೆಂದು ಸ್ಪಷ್ಟವಾಗಿ ಆದೇಶಿಸಿದ್ದರೂ ಆ ಉಪಕರಣವು ಬಳಕೆಯಲ್ಲಿದ್ದ ದತ್ತಾಂಶ ಭಂಡಾರವನ್ನೇ ಅಳಿಸಿಹಾಕಿತು. ಅದರಲ್ಲಿ 1,200ಕ್ಕೂ ಹೆಚ್ಚು ಅಧಿಕಾರಿಗಳ ವಿವರಗಳಿದ್ದವು. ಹಿಂದಿನ ಸ್ಥಿತಿಗೆ ಮರಳಿಸಲು ಸಾಧ್ಯವಿಲ್ಲವೆಂದೂ ಅದು ಹೇಳಿತು. ಆ ಮಾತೂ ಸುಳ್ಳಾಗಿತ್ತು. ಲೆಮ್ಕಿನ್ ಅವರಿಗೆ ಮಾಹಿತಿ ಮರಳಿ ದೊರೆಯಿತು. ಜೋರ್ಡಾನಿನಲ್ಲಿ ಹುಟ್ಟಿ ಬೆಳೆದ, ರೆಪ್ಲಿಟ್‌ನ ಮುಖ್ಯಸ್ಥ ಅಮ್ಜದ್ ಮಸಾದ್ ಬಹಿರಂಗವಾಗಿ ಕ್ಷಮೆ ಕೇಳಿದರು, ಪ್ರಯೋಗದ ಭಂಡಾರವನ್ನೂ ಬಳಕೆಯ ಭಂಡಾರವನ್ನೂ ಬೇರ್ಪಡಿಸುವ ಕ್ರಮ ಕೈಗೊಂಡರು. ಲೆಮ್ಕಿನ್ ಅವರ ಧ್ವನಿ ಜಗತ್ತಿಗೆ ಕೇಳಿಸಿತು. ಸಣ್ಣ ಊರಿನ ಅಂಗಡಿಯವನ ಧ್ವನಿಯನ್ನು ಕೇಳುವವರಾರು?

ಅಳಿದುಹೋಗುವುದಕ್ಕಿಂತಲೂ ಅಪಾಯಕಾರಿಯಾದುದು ಸೋರಿಹೋಗುವುದು. ಅದೇ ವರ್ಷ, ಸ್ವೀಡನ್ನಿನ ‘ಲವಬಲ್’ ಎಂಬ ಉಪಕರಣದಿಂದ ನಿರ್ಮಿಸಲಾದ 1,645 ಆ್ಯಪ್‌ಗಳನ್ನು ಪ್ರತಿಸ್ಪರ್ಧಿ ಸಂಸ್ಥೆಯ ಉದ್ಯೋಗಿಯೊಬ್ಬರು ಪರಿಶೀಲಿಸಿದಾಗ, 170ರಲ್ಲಿ ಬಳಕೆದಾರರ ಮಾಹಿತಿಯು ಹೊರಗಿನವರಿಗೆ ಸಿಗುವಂತಿತ್ತು. ಯಾರು ಯಾವ ಮಾಹಿತಿಯನ್ನು ನೋಡಬಹುದೆಂಬ ನಿಯಮವನ್ನು ಭಂಡಾರಕ್ಕೆ ಸರಿಯಾಗಿ ವಿಧಿಸದಿದ್ದುದೇ ಇದಕ್ಕೆ ಕಾರಣ. ಪರದೆಯ ಮೇಲೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟ ಮನೆಯಂತೆ, ಒಳಗಿರುವವನಿಗೆ ಅದು ತಿಳಿಯುವುದೇ ಇಲ್ಲ.

ಒಂದು ಊರಿನ ಪರಿಹಾರ ಸಮಿತಿಯ ಉತ್ಸಾಹಿ ಯುವಕನೊಬ್ಬ ನೆರವು ಪಡೆಯುವವರ ಪಟ್ಟಿಗಾಗಿ ಒಂದೇ ರಾತ್ರಿಯಲ್ಲಿ ಆ್ಯಪ್ ಕಟ್ಟಿದನೆಂದು ಭಾವಿಸೋಣ. ಅದರಲ್ಲಿ ವಿಧವೆಯರ ಹೆಸರು, ಫೋನ್ ಸಂಖ್ಯೆ, ಆಧಾರ್ ಪ್ರತಿ, ರೋಗಿಗಳ ಕಾಯಿಲೆಯ ವಿವರ ಎಲ್ಲವೂ ಇರುತ್ತದೆ. ನೆರೆಮನೆಯವರಿಗೂ ತಿಳಿಯದಂತೆ ನೆರವು ಪಡೆದ ತಾಯಿಯೊಬ್ಬಳ ಬಡತನವು ಊರಿಗೆಲ್ಲ ತೆರೆದ ಪುಸ್ತಕವಾದರೆ, ಕಳೆದುಹೋದ ಆಕೆಯ ಮಾನವನ್ನು ಯಾವ ಉಪಕರಣ ಮರಳಿಸೀತು? ಆ ಯುವಕನ ಉದ್ದೇಶ ಒಳ್ಳೆಯದಾಗಿತ್ತು ಎಂಬುದು ಆಕೆಗೆ ಸಮಾಧಾನವಾದೀತೇ?

ಕಾನೂನು ಕೂಡ ಈ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದಿಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಯಾವ ಉದ್ದೇಶಕ್ಕೆ, ಹೇಗೆ ಮಾಹಿತಿಯನ್ನು ಬಳಸಬೇಕೆಂದು ತೀರ್ಮಾನಿಸುವವರನ್ನೇ ಹೊಣೆಗಾರರನ್ನಾಗಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತಹಂತವಾಗಿ ಜಾರಿಗೆ ಬರುವಂತಿವೆ. ಭದ್ರತೆಯ ಲೋಪಕ್ಕೆ ಕಾಯ್ದೆಯು ವಿಧಿಸಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ಹಾಗಾದರೆ ಮಕ್ಕಳು ಇನ್ನು ಪ್ರೋಗ್ರಾಮಿಂಗ್ ಕಲಿಯಬೇಕೇ ಎಂದು ಹೆತ್ತವರು ಕೇಳುತ್ತಾರೆ. ಕಲಿಯಲೇಬೇಕು ಎಂಬುದು ನಮ್ಮ ಅಭಿಪ್ರಾಯ. 2025ರಲ್ಲಿ ‘ಮೀಟರ್’ ಎಂಬ ಸಂಶೋಧನಾ ಸಂಸ್ಥೆಯು 16 ಮಂದಿ ಅನುಭವಿ ತಂತ್ರಜ್ಞರನ್ನು ಪರೀಕ್ಷಿಸಿತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ತಮ್ಮ ಕೆಲಸ ಶೇ. 20ರಷ್ಟು ವೇಗ ಪಡೆಯಿತೆಂದು ಅವರು ನಂಬಿದ್ದರು. ವಾಸ್ತವದಲ್ಲಿ ಶೇ. 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಉಪಕರಣಗಳು ಅಂದಿನಿಂದ ಸುಧಾರಿಸುತ್ತಲೇ ಬಂದಿರುವುದು ನಿಜ. ಆದರೆ ಬಲ್ಲವರೇ ಹೀಗೆ ಮೋಸಹೋಗಬಹುದಾದರೆ, ಏನೂ ಅರಿಯದವರ ಪಾಡೇನು? ಕೋಡನ್ನು ಬಾಯಿಪಾಠ ಮಾಡುವ ವಿದ್ಯೆಗೆ ಇನ್ನು ಬೆಲೆಯಿರಲಾರದು. ತರ್ಕ, ದತ್ತಾಂಶದ ರಚನೆ ಮತ್ತು ಭದ್ರತೆಯನ್ನು ಅರಿತು ಯಂತ್ರದ ತಪ್ಪನ್ನು ಹಿಡಿಯಬಲ್ಲವನಿಗೆ ಬೆಲೆ ಹೆಚ್ಚಲಿದೆ.

ಆದ್ದರಿಂದ ನಮ್ಮ ಯುವಕ ಯುವತಿಯರು ಈ ಉಪಕರಣಗಳನ್ನು ಧೈರ್ಯದಿಂದ ಕೈಗೆತ್ತಿಕೊಳ್ಳಲಿ. ಮೊದಲು ತಮ್ಮದೇ ಲೆಕ್ಕಕ್ಕೆ, ತಮ್ಮದೇ ಅಂಗಡಿಗೆ ಬಳಸಿ ಕಲಿಯಲಿ. ಇತರರ ಮಾಹಿತಿಯನ್ನು ಸಂಗ್ರಹಿಸುವ ಮುನ್ನ ಅದು ನಿಜವಾಗಿಯೂ ಅಗತ್ಯವೇ ಎಂದು ಕೇಳಿಕೊಳ್ಳಲಿ. ಅಗತ್ಯವಿದ್ದರೆ ಬಲ್ಲವರಿಂದ ಪರೀಕ್ಷಿಸಿ, ಪ್ರತಿಯೊಂದನ್ನು ಬೇರೆಡೆ ಕಾಪಿಟ್ಟು ಮುಂದುವರಿಯಲಿ. ನಮ್ಮ ನಮ್ಮ ಊರುಗಳಲ್ಲಿರುವ ಇಂಜಿನಿಯರುಗಳು ವಾರದಲ್ಲಿ ಒಂದು ಗಂಟೆಯನ್ನಾದರೂ ಈ ಪರೀಕ್ಷೆಗೆ ಮೀಸಲಿಟ್ಟರೆ ಅದು ದೊಡ್ಡ ಸೇವೆಯಾದೀತು. ಯಂತ್ರವು ಕೆಲಸವನ್ನು ಮಾಡಿಕೊಡಬಹುದು. ನಂಬಿ ಮಾಹಿತಿ ಒಪ್ಪಿಸಿದವರಿಗೆ ಉತ್ತರ ಹೇಳಬೇಕಾದವರು ಮಾತ್ರ ನಾವೇ.