ಎಸೆಯುವ ತೋಳಿಗೆ ಒಂದು ತಾಲೀಮು ಬೇಕು

ಗುರುವಾರ ಪುಣೆ ಬಳಿಯ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ವಾರದ ರಜೆ. ಕಾರ್ಖಾನೆಗಳ ನಡುವೆ ಖಾಲಿ ಜಾಗ ಇದ್ದಲ್ಲೆಲ್ಲ ಅಂದು ಟೆನಿಸ್ ಚೆಂಡಿನ ಕ್ರಿಕೆಟ್. ಇಂಡಿ, ಅಫಜಲಪುರ, ಆಳಂದ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಮರಾಠಿಯಲ್ಲಿ ರನ್ ಎಣಿಸುತ್ತ, ಕನ್ನಡದಲ್ಲಿ ಜಗಳವಾಡುತ್ತ ಆಡುತ್ತಾರೆ. ಮೊನ್ನೆ ಒಬ್ಬ ಹುಡುಗ ಬೌಂಡರಿಯಿಂದ ಎಸೆದ ಚೆಂಡು ನೆಲ ಮುಟ್ಟದೆ ಕೀಪರ್ ಕೈ ಸೇರಿತು. ‘ತೋಳಂದ್ರ ಇದು ನೋಡ್ರಿ!’ ಎಂದರು ಪಕ್ಕದಲ್ಲಿದ್ದ ಹಿರಿಯರು. ಆ ಮಾತು ಅಲ್ಲಿಗೇ ಮುಗಿಯಿತು.

ಇಂಥ ತೋಳನ್ನೇ ನಂಬಿ ಬದುಕುವವನು ಬೇಸ್‌ಬಾಲ್‌ನ ಪಿಚರ್. ಸುಮಾರು 18.44 ಮೀಟರ್ ದೂರದಿಂದ, ಕ್ರಿಕೆಟ್ ಬೌಲರ್‌ಗೆ ಸಲ್ಲದ ರೀತಿಯಲ್ಲಿ ಮೊಣಕೈ ಮಡಿಸಿ ಎಸೆಯುವುದೇ ಅವನ ಕೆಲಸ. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಸ್ಪರ್ಧೆ ಭಾರತದಲ್ಲಿ ಇಂಥ ತೋಳುಗಳನ್ನು ಹುಡುಕಿತು. ಗೆದ್ದವರು ರಿಂಕು ಸಿಂಗ್. ಉತ್ತರ ಪ್ರದೇಶದ ಭದೋಹಿ ಕಡೆಯ ಲಾರಿ ಚಾಲಕರ ಮಗ, ಜಾವೆಲಿನ್ ಎಸೆಯುತ್ತಿದ್ದ ಹುಡುಗ. ಅವರೂ ಅದೇ ಸ್ಪರ್ಧೆಯಲ್ಲಿ ಎಸೆದಿದ್ದ ದಿನೇಶ್ ಪಟೇಲರೂ ಅದೇ ವರ್ಷ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಂದಿಗೆ ಒಪ್ಪಂದ ಮಾಡಿಕೊಂಡರು. ಆ ಸ್ಪರ್ಧೆಯವರೆಗೆ ಇಬ್ಬರೂ ಬೇಸ್‌ಬಾಲ್ ಆಡಿದವರೇ ಅಲ್ಲ.

ರಿಂಕು ಕಿರಿಯ ಲೀಗುಗಳಲ್ಲಿ ಛಲದಿಂದ ಆಡಿದರು. ಅಮೆರಿಕದಲ್ಲಿ ಚಳಿಗಾಲದ ಬಿಡುವು ಇದ್ದಾಗ ಆಸ್ಟ್ರೇಲಿಯಾದಲ್ಲಿ ಬೇಸಿಗೆಯ ಲೀಗ್. ಅಲ್ಲಿ ಕ್ಯಾನ್‌ಬೆರಾ ಕ್ಯಾವಲ್ರಿ ತಂಡದ ಪರವೂ ಎಸೆದರು. ಆದರೆ ಅಮೆರಿಕದ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್ ತಲುಪುವ ಮುನ್ನವೇ ಗಾಯ ಕಾಡಿತು. ಕೊನೆಗೆ ಅವರು ಡಬ್ಲ್ಯುಡಬ್ಲ್ಯುಇ ಕುಸ್ತಿಯ ಕಡೆ ಹೋದರು. ಅವರ ಶ್ರಮದಲ್ಲಿ ನನಗೆ ಕೊರತೆ ಕಾಣುವುದಿಲ್ಲ. ಹತ್ತನೇ ವಯಸ್ಸಿಗೆ ಸಿಗಬೇಕಾದ ಆಟ ಅವರಿಗೆ ಹತ್ತೊಂಬತ್ತಕ್ಕೆ ಸಿಕ್ಕಿತು, ಕೊರತೆ ಅದು.

ಅದೇ ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1989ರಲ್ಲಿ ಹುಟ್ಟಿದ ಪಿಚರ್ ಲಿಯಾಮ್ ಹೆಂಡ್ರಿಕ್ಸ್ ಅವರನ್ನು ನೋಡಿ. ಆಸ್ಟ್ರೇಲಿಯಾದಲ್ಲೂ ಬೇಸ್‌ಬಾಲ್ ದೊಡ್ಡ ಆಟವೇನಲ್ಲ, ಕ್ರಿಕೆಟ್ ಮತ್ತು ಫುಟ್‌ಬಾಲ್‌ಗಳ ನೆರಳಲ್ಲೇ ಬದುಕಿದೆ. ಆದರೆ ಹುಡುಗರಿಗೆ ಕ್ಲಬ್ಬುಗಳಿವೆ. ಹೆಂಡ್ರಿಕ್ಸ್ 2011ರಲ್ಲಿ ಮಿನ್ನೆಸೋಟ ಟ್ವಿನ್ಸ್ ಪರ ಮೇಜರ್ ಲೀಗ್‌ಗೆ ಕಾಲಿಟ್ಟರು. ಆಮೇಲೆ ತಂಡದಿಂದ ತಂಡಕ್ಕೆ ಅಲೆದಾಟ. 2018ರ ಜೂನ್‌ನಲ್ಲಿ ಓಕ್ಲೆಂಡ್ ತಂಡ ಅವರನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಉಳಿದ 29 ತಂಡಗಳಲ್ಲಿ ಒಂದೂ ಬೇಕೆನ್ನಲಿಲ್ಲ. ಅವರು ಕೆಳಗಿನ ಲೀಗ್‌ಗೆ ಇಳಿದು ಎಸೆದರು, ಸೆಪ್ಟೆಂಬರ್‌ನಲ್ಲಿ ಮರಳಿದರು, 2019ರಲ್ಲಿ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. 2021ಕ್ಕೆ ಚಿಕಾಗೊ ವೈಟ್ ಸಾಕ್ಸ್ ಮೂರು ವರ್ಷಕ್ಕೆ 5.4 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. 2023ರ ಜನವರಿಯಲ್ಲಿ ರಕ್ತದ ಕ್ಯಾನ್ಸರ್ ಇರುವುದನ್ನು ಪ್ರಕಟಿಸಿದವರು ಮೇ 29ರಂದು ಮತ್ತೆ ಮೈದಾನದಲ್ಲಿದ್ದರು.

ಹೆಂಡ್ರಿಕ್ಸ್ ಅವರ ಮನೋಬಲ ದೊಡ್ಡದು, ನಿಜ. ಆದರೆ 2018ರಲ್ಲಿ ಬಿದ್ದಾಗ ನಿಲ್ಲಲು ಅವರಿಗೆ ಕೆಳಗೊಂದು ಮೆಟ್ಟಿಲಿತ್ತು. ನಮ್ಮಲ್ಲಿ ಆಯ್ಕೆಯ ಟ್ರಯಲ್‌ನಲ್ಲಿ ಒಮ್ಮೆ ಸೋತ ಹುಡುಗ ಮರುದಿನ ಶಿಫ್ಟಿಗೆ ಹೋಗುತ್ತಾನೆ.

ಬಿದ್ದವನಿಗೆ ನಿಲ್ಲಲು ಒಂದು ಮೆಟ್ಟಿಲು ಬೇಕೆಂಬ ಮಾತು ಭೋಸರಿಗೆ ಹೊಸದಲ್ಲ. ಕುಸ್ತಿ, ಕಬಡ್ಡಿಗಳ ಊರು ಇದು. ಜಾತ್ರೆಯ ಕಣದಲ್ಲಿ ಚಿತ್ ಆದ ಪೈಲ್ವಾನ ಮರುದಿನ ನಸುಕಿಗೆ ಅದೇ ತಾಲೀಮಿಗೆ ಬರುತ್ತಾನೆ, ಅದೇ ಕೆಂಪು ಮಣ್ಣು ಮೈಗೆ ಹಚ್ಚಿಕೊಳ್ಳುತ್ತಾನೆ. ವಸ್ತಾದರು ಅವನ ಪಟ್ಟು ತಿದ್ದುತ್ತಾರೆ. ಎಸೆಯುವ ತೋಳಿಗೂ ಅಂಥ ಒಂದು ಜಾಗ ಬೇಕು. ಅದು ಬೇಸ್‌ಬಾಲ್‌ಗೇ ಆಗಬೇಕೆಂದಿಲ್ಲ. ಜಾವೆಲಿನ್ ಆದರೂ ಸರಿ, ಕ್ರಿಕೆಟ್ ಆದರೂ ಸರಿ. ವೇಗ ಅಳೆದು ಬಹುಮಾನ ಕೊಟ್ಟು ಹೋಗುವ ಸ್ಪರ್ಧೆಗಿಂತ, ಎಳೆಯ ಮೊಣಕೈಗೆ ಇಂದು ಇಷ್ಟು ಎಸೆತ ಸಾಕು ಎಂದು ತಡೆಯುವ ಒಬ್ಬ ತರಬೇತುದಾರ ಹೆಚ್ಚು ಬೆಲೆಯುಳ್ಳವನು.

ಪಿಂಪ್ರಿ-ಚಿಂಚವಡ ಮಹಾನಗರ ಪಾಲಿಕೆ ತನ್ನ ಶಾಲೆಗಳ ಮೈದಾನವನ್ನು ಗುರುವಾರ ಬೆಳಿಗ್ಗೆ ಈ ಮಕ್ಕಳಿಗೆ ತೆರೆದು, ಅಂಥ ಒಬ್ಬ ತರಬೇತುದಾರನನ್ನು ನೇಮಿಸಲಿ. ಇಲ್ಲಿನ ಕನ್ನಡಿಗರು ಒಟ್ಟಾಗಿ ಹೋಗಿ ಅದನ್ನು ಕೇಳಬೇಕು.